ಕೊಡಗಿನ ತೋಟದಲ್ಲಿ ಜಾಝ್ ಕೇಳಲು ಹೊರಡುವವರಿಗೆ

ಮಡಿಕೇರಿ ಹತ್ತಿರದ ಕಾಫಿ ತೋಟವೊಂದರಲ್ಲಿ ಫೆಬ್ರವರಿಯಲ್ಲಿ ಸಂಗೀತ ಉತ್ಸವ ಇತ್ತು. ರಾಕ್, ಫ್ಯೂಷನ್ ಎಲ್ಲಾ ಇದ್ದರೂ ನಾವು ಹೋಗಿದ್ದು ರಾತ್ರಿಯ ಜಾಝ್ ತಂಡಕ್ಕಾಗಿ.

ಮೊದಲು ದಾರಿ. ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಹುಣಸೂರು, ಕುಶಾಲನಗರದ ಮೇಲೆ ಬಸ್ಸು, ಸುಮಾರು 120 ಕಿ.ಮೀ. ಬೆಳಕಿರುವಾಗಲೇ ತಲುಪಿ. ತೋಟದ ಒಳದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ರಾತ್ರಿ ವಾಪಸ್ ಬರಲು ಜೀಪನ್ನೋ ಆಟೋವನ್ನೋ ಹಗಲಲ್ಲೇ ಮಾತಾಡಿಟ್ಟುಕೊಳ್ಳಿ. ಉತ್ಸವ ಸಿದ್ದಾಪುರದ ಕಡೆಯಾದರಂತೂ ಕತ್ತಲಲ್ಲಿ ನಡೆದು ಹೋಗುವ ಸಾಹಸ ಬೇಡ, ಅಲ್ಲಿನ ತೋಟಗಳಲ್ಲಿ ಆನೆ ಓಡಾಟ ಇದೆ.

ಎಲ್ಲಿ ಕೂರುವುದು? ಎಲ್ಲರೂ ವೇದಿಕೆ ಮುಂದಕ್ಕೇ ನುಗ್ಗುತ್ತಾರೆ. ನೀವು ಸುಮ್ನೆ ಸೌಂಡ್ ಮಿಕ್ಸರ್ ಇಟ್ಟಿರುವ ಮೇಜಿನ ಹತ್ತಿರ ಕೂರಿ. ದನಿಗಳನ್ನು ಹದ ಮಾಡುವವನು ಅಲ್ಲೇ ಕೂತು ಕೇಳುತ್ತಿರುತ್ತಾನೆ, ಅವನ ಕಿವಿಗೆ ಬಿದ್ದದ್ದೇ ನಿಮಗೂ ಬೀಳುತ್ತದೆ. ಬಯಲಲ್ಲಿ ಡಬಲ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ) ದನಿ ಬೇಗ ಕರಗಿಹೋಗುತ್ತದೆ. ಡ್ರಮ್ಮಿನ ಮೇಲೆ ಕೋಲಿನ ಬದಲು ಬ್ರಶ್ ಆಡಿಸುವಾಗಿನ ಸರಸರ ಸದ್ದೂ ಅಷ್ಟೇ.

ನಾವು ಕೇಳಿದ ತಂಡದಲ್ಲಿ ಸ್ಯಾಕ್ಸೋಫೋನ್, ಟ್ರಂಪೆಟ್, ಕೀಬೋರ್ಡ್, ಬೇಸ್, ಡ್ರಮ್ಸ್: ಒಟ್ಟು ಐದು ಜನ. ಮೊದಲು ಎಲ್ಲರೂ ಸೇರಿ ಹಾಡಿನ ಮಟ್ಟನ್ನು ನುಡಿಸುತ್ತಾರೆ. ಅದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದಿನದ್ದಕ್ಕೆಲ್ಲ ಅದೇ ಆಧಾರ. ಆಮೇಲೆ ಒಬ್ಬೊಬ್ಬರೇ ಅಲ್ಲೇ ಹುಟ್ಟಿಸಿಕೊಂಡು ನುಡಿಸುತ್ತಾರೆ. ಕೆಳಗೆ ಕಾರ್ಡ್‌ಗಳ (ಒಟ್ಟಿಗೇ ನುಡಿಸುವ ಸ್ವರಗಳ ಗೊಂಚಲು) ಅದೇ ಸುತ್ತು ಮತ್ತೆ ಮತ್ತೆ ಬರುತ್ತಿರುತ್ತದೆ. ಬ್ಲೂಸ್ ಎಂಬ ಬಗೆಯ ಹಾಡಾದರೆ ಸಾಮಾನ್ಯವಾಗಿ 12 ಬಾರ್‌ಗೆ ಒಂದು ಸುತ್ತು; ಬಾರ್ ಅಂದರೆ ತಾಳದ ಒಂದು ಅಳತೆ, ಹೆಚ್ಚಾಗಿ ನಾಲ್ಕು ಎಣಿಕೆ. ಒಬ್ಬರ ಸರದಿ ಮುಗಿದಾಗ ಹಾಡಿನ ನಡುವೆಯೇ ಚಪ್ಪಾಳೆ ತಟ್ಟಬಹುದು, ಯಾರೂ ತಿರುಗಿ ನೋಡುವುದಿಲ್ಲ! ಕೊನೆಯ ಹೊತ್ತಿಗೆ ಸ್ಯಾಕ್ಸೋಫೋನ್ ನಾಲ್ಕು ಬಾರ್, ಡ್ರಮ್ ನಾಲ್ಕು ಬಾರ್ ಅಂತ ಸವಾಲು-ಜವಾಬು ಶುರುವಾಯಿತು. ತನಿ ಆವರ್ತನದಲ್ಲಿ ಮೃದಂಗ, ಘಟಂ ಮಾತಾಡಿಕೊಳ್ಳುವ ಹಾಗೆಯೇ. ನನ್ನ ಮಟ್ಟಿಗೆ ಟಿಕೆಟ್ ದುಡ್ಡು ಅಲ್ಲಿಗೇ ವಸೂಲಾಯಿತು.

ಹಾಡುಗಳ ನಡುವೆ ಅವರು ಶ್ರುತಿ ಸರಿಮಾಡಿಕೊಳ್ಳುತ್ತಾ ನಿಂತರೆ ಬೇಸರ ಪಡಬೇಡಿ. ಚಳಿ ಜಾಸ್ತಿಯಾದ ಹಾಗೆ ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ. ಚಳಿ ನಿಮಗೂ ತಪ್ಪಿದ್ದಲ್ಲ. ಸ್ವೆಟರ್, ಟೋಪಿ, ಹುಲ್ಲಿನ ಮೇಲೆ ಹಾಸಲು ಜಮಖಾನ ಇರಲಿ, ಮಂಜು ಬಿದ್ದು ನೆಲ ಒದ್ದೆಯಾಗುತ್ತದೆ.

ಅಂಗಡಿಸಾಲಿನ ಊಟ ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ಹೋಂಸ್ಟೇ ಮೊದಲೇ ಗೊತ್ತುಮಾಡಿಕೊಳ್ಳಿ. ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿಯ ಉಂಡೆ) ಬೇಕಿದ್ದರೆ ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ.