ತಲೆಯಿಂದ ಇಳಿಯದ ಲಲಲಾ

12 ಅಕ್ಟೋಬರ್ 2024, ಶನಿವಾರ
ಸೇಂಟ್ ಪೀಟರ್ಸ್‌ಬರ್ಗ್

ಬಾಣಲೆ ತರೋಣ ಅಂತ ಉದೆಲ್ನಾಯಾ ಸಂತೆಗೆ ಹೋದವಳು ಹಳೇ ರೆಕಾರ್ಡ್ ಹಿಡಿದುಕೊಂಡು ಬಂದೆ. ಇವರು ನೋಡಿ ಸುಮ್ನೆ ನಕ್ಕರು.

ಸೋವಿಯತ್ ಕಾಲದ ಮೆಲೋದಿಯಾ ಕಂಪನಿಯದ್ದು, ‘ಬ್ರೆಮೆನ್ ಸಂಗೀತಗಾರರು’. ಕತ್ತೆ, ನಾಯಿ, ಬೆಕ್ಕು, ಹುಂಜ ಮನೆ ಬಿಟ್ಟು ಹೊರಡುವ ಗ್ರಿಮ್ ಸಹೋದರರ ಕತೆ ಇದೆಯಲ್ವಾ, ಅದೇ. 1969ರಲ್ಲಿ ಇಲ್ಲಿ ಸೋವಿಯತ್ ಕಾರ್ಟೂನ್ ಆಯ್ತು. ಹೀರೋಗೆ ಬೆಲ್‌ಬಾಟಮ್, ರಾಜಕುಮಾರಿಗೆ ಕೆಂಪು ಮಿನಿ ಫ್ರಾಕು. ಗೆನ್ನಾದಿ ಗ್ಲಾದ್ಕೊವ್ ಸಂಗೀತವಂತೂ ಅಪ್ಪಟ ರಾಕ್ ಎಂಡ್ ರೋಲ್. ಮಕ್ಕಳ ನೆಪದಲ್ಲಿ ದೊಡ್ಡವರೇ ಜಾಸ್ತಿ ಕುಣಿದಿರಬೇಕು.

ಮಾರುತ್ತಿದ್ದ ಅಜ್ಜಿ ಥರ್ಮಾಸ್‌ನಿಂದ ಚಹಾ ಬಗ್ಗಿಸಿಕೊಳ್ಳುತ್ತಾ ಕೇಳಿದರು, “ಇದರಲ್ಲಿ ಎಷ್ಟು ಜನ ಹಾಡಿದ್ದಾರೆ, ಹೇಳು ನೋಡೋಣ?”

ಏಳೆಂಟು ಜನ ಇರಬಹುದು ಅಂದೆ.

“ರಾಜಕುಮಾರಿ ಎಲ್ಮಿರಾ ಝೆರ್ಜ್ದೆವಾ. ಕತ್ತೆ ಅನಾತೊಲಿ ಗೊರೊಖೊವ್. ಮಿಕ್ಕಿದ್ದೆಲ್ಲ ಒಲೆಗ್ ಅನೋಫ್ರಿಯೆವ್ ಒಬ್ಬನೇ. ಡಕಾಯಿತರ ನಾಯಕಿ ಇದ್ದಾಳಲ್ಲ, ಅವಳೂ ಅವನೇ!”

ಅಂದವರೇ ಸೊಂಟಕ್ಕೆ ಕೈಯಿಟ್ಟು, ದನಿ ಗಡಸು ಮಾಡಿಕೊಂಡು ಎರಡು ಸಾಲು ಹಾಡಿಯೇಬಿಟ್ಟರು. ಪಕ್ಕದಲ್ಲಿ ಚಹಾಕ್ಕೆ ನೀರು ಕಾಯಿಸುವ ಸಮೋವರ್ ಮಾರುತ್ತಿದ್ದವನು ಮೂರನೇ ಸಾಲಿಗೆ ದನಿಗೂಡಿಸಿದ. ಆ ಗಲಾಟೆಯಲ್ಲಿ ಚೌಕಾಸಿ ಮಾಡೋಕೂ ಬಾಯಿ ಬರಲಿಲ್ಲ. ಕಿಲಾಡಿ ಅಜ್ಜಿ.

ಮನೆ ಓನರ್ ಬಿಟ್ಟುಹೋದ ಪ್ಲೇಯರ್ ಇದೆ. ರೆಕಾರ್ಡಿನ ಲೇಬಲ್ ಮೇಲೆ ಯಾವುದೋ ಮಗು ನೀಲಿ ಪೆನ್ನಲ್ಲಿ ಕತ್ತೆ ಗೀಚಿದೆ, ಬಾಲ ನಾಯಿಯದ್ದು. ಮುಳ್ಳು ಇಟ್ಟರೆ ಮೊದಲು ಕರಕರ, ಆಮೇಲೆ ಹಾಡಿನ ಆ ಲಲಲಾ. ಎರಡನೇ ಸಲಕ್ಕೆ ನನ್ನ ಕಾಲು ತಾನೇ ತಾಳ ಹಾಕುತ್ತಿತ್ತು.

ಮಗಳು ಓಡಿಬಂದು ಪೂರ್ತಿ ಹಾಡಿದಳು. ಒಂದು ಪದವೂ ತಪ್ಪಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಬರುತ್ತಂತೆ. ಖುಷಿಯಾಗಬೇಕಿತ್ತು. ಯಾಕೋ ಹೊಟ್ಟೆಯೊಳಗೆ ಕಸಿವಿಸಿ. ಇವತ್ತು ವಿಜಯದಶಮಿ. ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನೋದನ್ನು ಇವಳಿಗೆ ಯಾವಾಗ ಕಲಿಸಿದ್ದೇನೆ ನಾನು?

ರಾತ್ರಿ ಅವ್ವನಿಗೆ ಫೋನ್ ಹಚ್ಚಿದೆ. “ಬನ್ನಿ ಎಲ್ಲಿಂದ ತರ್ತೀರವ್ವಾ ಅಲ್ಲಿ” ಅಂತ ಅವ್ವ ತಾನೇ ಮರುಗಿದಳು. ಅಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡು ಲಲಲಾ ಶುರುಮಾಡಿದಳು.

“ದನಿ ಭಾಳ ಛಲೋ ಐತಿ. ಅದ್ಯಾವ ದೇವರ ಹಾಡ?”

“ಕತ್ತೆದು, ಅಜ್ಜಿ!”

ಅವ್ವ ನಕ್ಕು ನಕ್ಕು ಕೆಮ್ಮಿದಳು. ಆ ಕೆಮ್ಮು ಇನ್ನೂ ಹೋಗಿಲ್ಲ. ಡಾಕ್ಟರ ಹತ್ರ ಹೋಗು ಅಂದರೆ ‘ಹಬ್ಬ ಮುಗೀಲಿ’ ಅನ್ನುತ್ತಾಳೆ. ಮುಗೀತಲ್ಲ ಈಗ.

ಆ ಕಾರ್ಟೂನಿನ ಎರಡನೇ ಭಾಗವೂ ಇದೆ, 1973ರದ್ದು. ಅದರಲ್ಲಿ ಮುಸ್ಲಿಂ ಮಗೊಮಾಯೆವ್ ಅನ್ನೋ ಗಾಯಕ ಹಾಡಿದ್ದಾರೆ. ಸಂತೆಯ ಅಜ್ಜಿಯ ಡಬ್ಬದಲ್ಲಿ ಅದರ ರೆಕಾರ್ಡೂ ಕಂಡಿತ್ತು. ಮುಂದಿನ ಶನಿವಾರ ಇವರಿಗೆ ಹೇಳಿ ಹೋಗೋದಾ, ಇಲ್ಲಾ ಹೇಳದೇನೇ