ಅಕ್ಕಡಿ ಸಾಲಿನ ಹುಚ್ಚೆಳ್ಳು

ಇವತ್ತು ಮಾಗಡಿ ಕಡೆ ಒಂದು ರಾಗಿ ಹೊಲದ ಬದುವಿನ ಮೇಲೆ ತುಂಬಾ ಹೊತ್ತು ನಿಂತಿದ್ದೆ. ಇರೋದೇ ಒಂದೆಕರೆ. ರಾಗಿ ನಡುವೆ ಅಕ್ಕಡಿ ಸಾಲು, ಅಂದರೆ ಬೇರೆ ಬೆಳೆಗಳ ಸಾಲು: ಅವರೆ, ತೊಗರಿ, ಹುಚ್ಚೆಳ್ಳು.

ಹುಚ್ಚೆಳ್ಳಿನ ಹಳದಿ ಹೂವಿನ ತುಂಬಾ ಜೇನುಹುಳು. ಕಾಲಿಗೆಲ್ಲ ಪರಾಗ ಮೆತ್ತಿಕೊಂಡು ಹಾರುತ್ತಿದ್ದವು. ಅವರೆ ಕುಡಿಯಲ್ಲಿ ಗಿಡದ ರಸ ಹೀರೋ ಹೇನು ಕೂತಿತ್ತು. ಪಕ್ಕದಲ್ಲೇ ಅದನ್ನು ತಿನ್ನೋ ಗುಲಗಂಜಿ ಹುಳ, ಕೆಂಪಗೆ, ಬೆನ್ನ ಮೇಲೆ ಕಪ್ಪು ಚುಕ್ಕಿ.

"ಔಷಧಿ ಹೊಡೆಯಲ್ವಾ ಅಕ್ಕ?" ಅಂತ ಹೊಲದ ಒಡತಿಯನ್ನು ಕೇಳಿದೆ.
"ಹೊಡೆದ್ರೆ ಇವೂ ಸಾಯ್ತವಲ್ಲಪ್ಪಾ" ಅಂದರು.

ಇವರಿಗೆ ನಾವು ಪಾಠ ಹೇಳಬೇಕಿಲ್ಲ. ಬೇಕಿರೋದು ಕೊಳ್ಳುವವರು. ರಾಗಿಯನ್ನಾದರೆ ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುತ್ತದೆ, 2025-26ಕ್ಕೆ ಕ್ವಿಂಟಾಲ್‌ಗೆ 4,886 ರೂಪಾಯಿ. ಖರೀದಿ ಕೇಂದ್ರವೂ ತೆರೆಯುತ್ತದೆ. ಅಕ್ಕಡಿಯಲ್ಲಿ ಬರುವ ಐದಾರು ಕೆಜಿ ಹುಚ್ಚೆಳ್ಳು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು ಹೇಳಿ? ಕಟಾವು ಮಷಿನ್ ಬೇರೆ ಇಂಥ ಹೊಲಕ್ಕೆ ಒಗ್ಗಲ್ಲ, ಆಳು ಸಿಗಲ್ಲ. ಅದಕ್ಕೇ ಅಕ್ಕಪಕ್ಕದಲ್ಲೆಲ್ಲ ಬರೀ ರಾಗಿ.

ನಾಲ್ಕಾರು ಮನೆಯ ಕಾಳು ಒಟ್ಟಿಗೆ ಸೇರಿಸಿ, ಒಳ್ಳೆ ಬೆಲೆಗೆ ಕೊಂಡರೆ ಮುಂದಿನ ಮುಂಗಾರಿಗೆ ಇನ್ನೂ ಕೆಲವರು ಅಕ್ಕಡಿ ಹಾಕುತ್ತಾರೆ ಅನ್ನೋ ನಂಬಿಕೆ ನನಗಿದೆ.

ಬೆಂಗಳೂರಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಇಷ್ಟಪಡೋರು ಯಾರಿದ್ದೀರಿ? ಎಷ್ಟು ಬೇಕು ಅಂತ ಹೇಳಿ. ಒಕ್ಕಣೆ ಆದಮೇಲೆ ನಾನೇ ತಂದು ಕೊಡುತ್ತೇನೆ.