ನಿಮಿಷಕ್ಕೆ ಎಂಬತ್ಮೂರು ರೂಪಾಯಿ

ನನ್ನ ಹತ್ತಿರ ಕೆಂಪು ಬಟ್ಟೆಯ ಬೆನ್ನಿರುವ ಒಂದು ಉದ್ದನೆಯ ನೋಟ್‌ಬುಕ್ ಇದೆ. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಇಂಥವನ್ನೇ ಬಳಸುತ್ತಿದ್ದರು. ಎಡಗಡೆ ಪುಟದಲ್ಲಿ ಖರ್ಚು ಬರೆಯುತ್ತೇನೆ, ಬಲಗಡೆ ಪುಟದಲ್ಲಿ ಗಾಳಿಯಲ್ಲಿದ್ದ ನಿಮಿಷ. ಪುಣೆ ಪಕ್ಕದ ಚಿಂಚ್‌ವಡ್‌ನ ಬ್ಯಾಂಕ್ ಬ್ರ್ಯಾಂಚಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತವಳು ನಾನು. ಗುಡ್ಡದಿಂದ ಪ್ಯಾರಾಗ್ಲೈಡರ್‌ನಲ್ಲಿ ಹಾರಿ ಇಳಿದು ಬಂದ ದಿನವೂ ರಾತ್ರಿ ಲೆಕ್ಕ ಬರೆಯದೆ ನಿದ್ದೆ ಬರಲ್ಲ.

ಹೋದ ಭಾನುವಾರ ಎಲ್ಲವನ್ನೂ ಕೂಡಿಸಿದೆ. ನಾಲ್ಕು ಸೀಸನ್. ಖರ್ಚು 3,50,000 ರೂಪಾಯಿ. ಹಾರಿದ್ದು 70 ಗಂಟೆ. ಗಂಟೆಗೆ 5,000. ನಿಮಿಷಕ್ಕೆ 83. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಇಣುಕಿ ನೋಡಿ, "ಮೂರು ಆಕ್ಟಿವಾ ಬರ್ತಿದ್ವು" ಅಂದರು. ಅತ್ತೆಗೆ ಮೊತ್ತ ಹೇಳಲಿಲ್ಲ. ಅವರ ತೀರ್ಪು ನಾಲ್ಕು ವರ್ಷದ ಹಿಂದೆಯೇ ಬಂದಾಗಿದೆ. "ಬೀಳಾಕ ರೊಕ್ಕ ಯಾಕ ಕೊಡ್ತೀಯವಾ? ಮಾಳಿಗಿ ಮ್ಯಾಲಿಂದ ಪುಕ್ಕಟೆ ಬೀಳಬಹುದಲ್ಲ!"

ಈಗ ಕೂಡಿಸಬೇಕಾಗಿ ಬಂದದ್ದು ನನ್ನ ವಿಂಗ್‌ನ ದೆಸೆಯಿಂದ. ಪ್ಯಾರಾಗ್ಲೈಡರ್‌ನ ಬಟ್ಟೆಯ ರೆಕ್ಕೆಗೆ ನಾವು ವಿಂಗ್ ಅಂತಲೇ ಅನ್ನುವುದು. ಸೀಸನ್ ಶುರುವಾಗುವ ಮೊದಲು ಅದನ್ನು ತಪಾಸಣೆಗೆ ಕೊಟ್ಟಿದ್ದೆ. ಬಟ್ಟೆಯ ಮೂಲಕ ಗಾಳಿ ಹಾದುಹೋಗಲು ಎಷ್ಟು ಸೆಕೆಂಡ್ ಬೇಕು ಅಂತ ಒಂದು ಸಣ್ಣ ಯಂತ್ರ ಇಟ್ಟು ಅಳೆಯುತ್ತಾರೆ. ಜಾಸ್ತಿ ಸೆಕೆಂಡ್ ಬಂದರೆ ಬಟ್ಟೆ ಗಟ್ಟಿ. ನನ್ನದು ಬೇಗ ಬೇಗ ಉಸಿರು ಬಿಟ್ಟಿತು. ಬಿಸಿಲಿಗೆ ನೈಲಾನ್ ಸವೆದಿದೆ. ಲೈನ್‌ಗಳ, ಅಂದರೆ ರೆಕ್ಕೆಗೆ ನಮ್ಮನ್ನು ತೂಗುಹಾಕುವ ದಾರಗಳ, ಉದ್ದವೂ ಹೆಚ್ಚುಕಡಿಮೆ ಆಗಿದೆ. ನನ್ನನ್ನು 'ತಾಈ', ಅಂದರೆ ಅಕ್ಕ, ಅಂತ ಕರೆಯುವ ತಪಾಸಣೆಯ ಹುಡುಗ ಮರಾಠಿಯಲ್ಲಿ ಮೆಲ್ಲಗೆ ಹೇಳಿದ, "ಇನ್ನು ಇದನ್ನು ನೆಲದ ಮೇಲೆ ಆಡಿಸಿ ಸಾಕು. ಮೇಲೆ ಒಯ್ಯಬೇಡಿ." ಹೊಸದಕ್ಕೆ ಸುಮಾರು ಮೂರು ಲಕ್ಷ. ಮಗಳು ಈ ವರ್ಷ ಹನ್ನೆರಡನೇ ಕ್ಲಾಸು. ಹಾಗಾಗಿ ನೋಟ್‌ಬುಕ್ ತೆಗೆದೆ.

ಶುರುವಾದದ್ದು ಆಫೀಸ್ ಪಿಕ್ನಿಕ್‌ನಿಂದ. 2019ರ ಡಿಸೆಂಬರ್‌ನಲ್ಲಿ ಕಾಮ್‌ಶೇತ್‌ಗೆ ಹೋಗಿದ್ದೆವು. ಲೋಣಾವಳಾ ಲೋಕಲ್‌ನಲ್ಲಿ ಕೂತರೆ ಆಕುರ್ಡಿಯಿಂದ ಮುಕ್ಕಾಲು ಗಂಟೆಯೊಳಗೆ ಬರುವ ಊರು. ಟಿಕೆಟ್ಟಿಗೆ ಎರಡು ಕಟಿಂಗ್ ಚಹಾದಷ್ಟೂ ಖರ್ಚಾಗಲ್ಲ. ಇಡೀ ಹವ್ಯಾಸದಲ್ಲಿ ಸಸ್ತಾ ಅಂತ ಇರುವುದು ಇದೊಂದೇ, ಅದಕ್ಕೇ ಹೇಳಿದೆ. ಅಲ್ಲಿ ಟ್ಯಾಂಡೆಮ್‌ನಲ್ಲಿ ಹಾರಿಸಿದರು. ಹಿಂದೆ ಪೈಲಟ್, ಮುಂದೆ ನಾನು. ಹನ್ನೆರಡು ನಿಮಿಷಕ್ಕೆ 2,500 ರೂಪಾಯಿ. ಈಗ ಲೆಕ್ಕ ಹಾಕಿದರೆ ನಿಮಿಷಕ್ಕೆ ಇನ್ನೂರರ ಮೇಲಾಯಿತು, ಅದರಲ್ಲೂ ನಾನು ಬರೀ ಸಾಮಾನು. ಆದರೂ ಇಳಿದ ಮೇಲೆ ಮೂರು ದಿನ ಕೌಂಟರ್‌ನಲ್ಲಿ ಕೂತು ನೋಟು ಎಣಿಸುವಾಗ ಕಾಲ ಕೆಳಗೆ ನೆಲ ಇಲ್ಲದಂತೆ ಅನ್ನಿಸುತ್ತಿತ್ತು. ನಾಲ್ಕನೇ ದಿನ ಕೋರ್ಸಿನ ಫೀ ಎಷ್ಟು ಅಂತ ಫೋನ್ ಮಾಡಿದೆ.

ನಡುವೆ ಸ್ವಲ್ಪ ತಲೆ ಕೆಟ್ಟು ವಿಮಾನದ ಲೈಸೆನ್ಸ್ ಬಗ್ಗೆಯೂ ವಿಚಾರಿಸಿದ್ದೆ. ಸ್ವಂತ ಖುಷಿಗೆ ಹಾರಿಸುವ ಲೈಸೆನ್ಸ್‌ಗೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಲೆಕ್ಕದಲ್ಲಿ ಕನಿಷ್ಠ 40 ಗಂಟೆ ಹಾರಿರಬೇಕು. ಜೊತೆಗೆ ಮೆಡಿಕಲ್, ಪರೀಕ್ಷೆಗಳು. ನನಗೆ ಗಂಟೆಗೆ 14,000 ಅಂದರು, ಪುಟ್ಟ ಸೆಸ್ನಾ ವಿಮಾನಕ್ಕೆ. ಅಲ್ಲಿಗೆ 5,60,000. ಲೈಸೆನ್ಸ್ ಬಂದ ಮೇಲೂ ಮೀಟರ್ ನಿಲ್ಲಲ್ಲ, ಪ್ರತಿ ಸಲ ಬಾಡಿಗೆ. ನಮ್ಮ ಸಹೋದ್ಯೋಗಿಯ ಮಗ ಬಾರಾಮತಿಯಲ್ಲಿ ಕಲಿತ, ಆದರೆ ಅವನದು 200 ಗಂಟೆಯ ಕಮರ್ಷಿಯಲ್ ಲೈಸೆನ್ಸ್, ನಾಳೆ ಸಂಬಳ ಬರುತ್ತದೆ. ನನ್ನಂಥವಳಿಗೆ ಅದು ಮೂಗಿಗಿಂತ ಮೂಗುತಿ ಭಾರ. ಪಿಂಪ್ರಿಯ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಗೇಟಿನ ಮುಂದೆ ಹೋಗುವಾಗೆಲ್ಲ ಜೆ.ಆರ್.ಡಿ. ಟಾಟಾ ನೆನಪಾಗುತ್ತಾರೆ. 1929ರಲ್ಲಿ ಭಾರತದ ಮೊದಲ ಪೈಲಟ್ ಲೈಸೆನ್ಸ್. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತು ಅಹಮದಾಬಾದ್ ಮಾರ್ಗವಾಗಿ ಮುಂಬೈಯ ಜುಹುಗೆ ಬಂದಿಳಿದವರು. ಐವತ್ತು ವರ್ಷ ಬಿಟ್ಟು, 78ನೇ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ ಮತ್ತೊಮ್ಮೆ ಹಾರಿದರು. ಮುದುಕರಾದ ಮೇಲೂ ಬಿಡದ ಹುಚ್ಚು ನೋಡಿ ಧೈರ್ಯ ಬರುತ್ತದೆ. ಆದರೆ ಅವರ ಮನೆ ಪಾಸ್‌ಬುಕ್ಕೇ ಬೇರೆ ಅಲ್ವಾ?

ಸರಿ, ನನ್ನ ಪಾಸ್‌ಬುಕ್. 2020ರ ಜನವರಿಯಲ್ಲಿ ಕೋರ್ಸ್, 38,000. ಕೊರೊನಾ ಎರಡನೇ ಅಲೆ ಇಳಿದ ಮೇಲೆ, 2021ರ ನವೆಂಬರ್‌ನಲ್ಲಿ ಸೆಕೆಂಡ್‌ಹ್ಯಾಂಡ್ ವಿಂಗ್ ಮತ್ತು ಹಾರ್ನೆಸ್ (ಕೂರುವ ಪಟ್ಟಿಗಳ ಸೀಟು), 1,20,000. ರಿಸರ್ವ್ ಅಂದರೆ ತುರ್ತಿನ ಪ್ಯಾರಾಶೂಟ್, ಅದನ್ನು ಮಾತ್ರ ಹೊಸದೇ ತಗೊಂಡೆ, 45,000. ಹೆಲ್ಮೆಟ್ಟು, ಬೂಟು 11,000. ಏರುತ್ತಿದ್ದೀಯಾ ಇಳಿಯುತ್ತಿದ್ದೀಯಾ ಅಂತ ಕೂಗಿ ಹೇಳುವ ವೇರಿಯೋ 19,000. ವಾಕಿಟಾಕಿ 5,000. ಉಳಿದದ್ದು ಸೀಸನ್‌ಗೆ 28,000ದಂತೆ ಜೀಪು, ಊಟ, ರಿಸರ್ವ್ ಬಿಚ್ಚಿ ಮತ್ತೆ ಮಡಿಸುವ ಕೂಲಿ, ಹರಿದ ಲೈನ್. ವಿಂಗ್ ಮಾರಿದವರು 80 ಗಂಟೆ ಅಷ್ಟೇ ಹಾರಿದೆ ಅಂದಿದ್ದರು. ತಪಾಸಣೆಯ ಹುಡುಗ ನಕ್ಕ. ಸಾಲ ಕೊಡುವಾಗ ಸವೆದ ಚಿನ್ನವನ್ನು ಕಣ್ಣಲ್ಲೇ ಹಿಡಿಯುವವಳು ಇಲ್ಲಿ ಬಣ್ಣ ನೋಡಿ ಮರುಳಾದೆ. ಕಿತ್ತಳೆ ಬಣ್ಣ, ನಡುವೆ ಒಂದು ಬಿಳಿ ಪಟ್ಟಿ.

ಹೊಸಬರಿಗೆ ಗೊತ್ತಿಲ್ಲದ ಒಂದು ಲೆಕ್ಕ ಇದೆ. ಗಾಳಿ ಏಳದಿದ್ದರೆ ನನ್ನಂಥ ವಿಂಗ್ ಸೆಕೆಂಡಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. ನೂರೈವತ್ತು ಮೀಟರ್ ಎತ್ತರದ ಗುಡ್ಡದಿಂದ ಜಿಗಿದರೆ ಎರಡು ನಿಮಿಷಕ್ಕೆ ಕೆಳಗಿನ ಗದ್ದೆ. ಅಷ್ಟೇ. ಅದಕ್ಕಾಗಿ ಜೀಪಿನಲ್ಲಿ ಧೂಳು ಕುಡಿದು, ಹದಿನೈದು ಕಿಲೋ ಚೀಲ ಹೊತ್ತು ಏರಬೇಕು. ಗಾಳಿ ಗುಡ್ಡಕ್ಕೆ ಎದುರಾಗಿ ಬಂದು ಮೇಲಕ್ಕೆ ತಿರುಗಿದರೆ ಮಾತ್ರ ಆ ಎರಡು ನಿಮಿಷ ನಲವತ್ತು ನಿಮಿಷವಾಗುತ್ತದೆ. ಗಾಳಿ ಜೋರಾದರೆ ಅದೂ ಇಲ್ಲ. ವಿಂಗ್‌ನ ಓಟವೇ ಗಂಟೆಗೆ 36-38 ಕಿಲೋಮೀಟರ್. ಎದುರುಗಾಳಿ ಅದಕ್ಕಿಂತ ಜೋರಾದರೆ ಹಿಂದಕ್ಕೆ ಹೋಗುತ್ತೀರಿ, ಗುಡ್ಡದ ಬೆನ್ನ ಹಿಂದಿನ ಸುಳಿಗೆ. ಹಾಗಾಗಿ ಕಾಯುವುದು. ಇದಕ್ಕೆ ಪೈಲಟ್‌ಗಳು ಪ್ಯಾರಾವೇಟಿಂಗ್ ಅಂತ ಹೆಸರಿಟ್ಟಿದ್ದಾರೆ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ವಿಂಡ್‌ಸಾಕ್, ಅದನ್ನು ನೋಡುತ್ತ ಚುರುಮುರಿ ತಿನ್ನುವುದು. ಒಬ್ಬರು ಹುಲ್ಲು ಕಿತ್ತು ಗಾಳಿಗೆ ಬಿಡುತ್ತಾರೆ, ಎಲ್ಲರೂ ಅದು ಬೀಳುವುದನ್ನೇ ನೋಡುತ್ತಾರೆ. ನನ್ನ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಕಾಮ್‌ಶೇತ್ ಗುಡ್ಡದ ಮೇಲೆ ಈಗ ಒಳ್ಳೇ ಹೆಸರಿದೆ. ಅಷ್ಟು ಹೊತ್ತೂ ವಿಂಗ್ ಬಿಸಿಲಿಗೆ ಬಿದ್ದಿದ್ದರೆ ಹಾರದೆಯೇ ಸವೆಯುತ್ತದೆ. ಕಾಯುವುದೂ ಪುಕ್ಕಟೆ ಅಲ್ಲ.

2021ರ ಡಿಸೆಂಬರ್‌ನ ಒಂದು ಸಂಜೆ ಮಾತ್ರ ಗಾಳಿ ಸರಿಯಾಗಿ ಸಿಕ್ಕಿತು. ನಾಲ್ಕೂ ಇಪ್ಪತ್ತಕ್ಕೆ ಟೇಕಾಫ್. ಲೈನ್‌ಗಳೆಲ್ಲ ಒಮ್ಮೆಗೇ ಬಿಗಿದು, ತೊಡೆಯ ಕೆಳಗೆ ಯಾರೋ ಮಣೆ ಒತ್ತಿದ ಹಾಗಾಯಿತು. ವೇರಿಯೋ ಕೀಚ್ ಕೀಚ್ ಶುರು ಮಾಡಿತು, ಇಲಿಮರಿಯ ಹಾಗೆ. ಗುಡ್ಡದ ಉದ್ದಕ್ಕೂ ಹೋಗಿ, ತುದಿಯಲ್ಲಿ ಗುಡ್ಡಕ್ಕೆ ಬೆನ್ನು ಹಾಕಿ ತಿರುಗಿ, ಮತ್ತೆ ವಾಪಸ್. ಗುಡ್ಡದ ಕಡೆ ಎಂದೂ ತಿರುಗಬಾರದು, ಇದು ಮೊದಲ ಪಾಠ. ಒಣಗಿದ ಹುಲ್ಲಿನ ಮೇಲೆ ನನ್ನ ನೆರಳು ನನ್ನ ಜೊತೆಗೇ ಓಡುತ್ತಿತ್ತು. ಕೆಳಗೆ ಲೋಕಲ್ ರೈಲು ಹೊರಟಿತ್ತು, ಸದ್ದು ತಡವಾಗಿ ಬಂತು. ಎಮ್ಮೆಗಳ ಹಿಂಡು ಮನೆಗೆ ಹೋಗುತ್ತ ಎಬ್ಬಿಸಿದ ಧೂಳು ನೆಟ್ಟಗೆ ಮೇಲೇಳದೆ ಗುಡ್ಡದ ಕಡೆ ವಾಲಿತ್ತು. ಗಾಳಿ ಇನ್ನೂ ಇದೆ ಅಂತ ಅದರಿಂದಲೇ ತಿಳಿಯಿತು. ಎಡಗಡೆ ಒಂದು ಹದ್ದು ರೆಕ್ಕೆ ಅಲ್ಲಾಡಿಸದೆ ನನ್ನನ್ನು ದಾಟಿ, ಕತ್ತು ಹೊರಳಿಸಿ ಒಮ್ಮೆ ನೋಡಿ ಹೋಯಿತು. ಚಳಿಗೆ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಬ್ರೇಕ್ (ವಿಂಗ್ ತಿರುಗಿಸುವ ದಾರದ ಹಿಡಿ) ಹಿಡಿದ ಕೈ ಬಿಡುವಂತಿಲ್ಲ. ಹಾಗೇ ಸೋರಲಿ ಅಂತ ಬಿಟ್ಟೆ. 43 ನಿಮಿಷ. ಇಳಿದಾಗ ಗದ್ದೆಯಲ್ಲಿ ಒಬ್ಬ ಅಜ್ಜ ಬೀಡಿ ಸೇದುತ್ತ ನಿಂತಿದ್ದರು. "ಮೇಲೆ ಏನು ಕಂಡಿತು?" ಅಂತ ಕೇಳಿದರು. ನಿಮ್ಮ ಎಮ್ಮೆ ಅಂದೆ.

ಆ 43 ನಿಮಿಷಕ್ಕೆ 83ರಂತೆ ಗುಣಿಸಿದರೆ 3,569 ರೂಪಾಯಿ. ಕೊಡುತ್ತೇನೆ, ಇವತ್ತೂ ಕೊಡುತ್ತೇನೆ. ಆ ದರದಲ್ಲಿ ನನಗೆ ತಕರಾರೇ ಇಲ್ಲ.

ತಕರಾರು ಬಲಗಡೆ ಪುಟದ್ದು. ಮೊದಲ ಸೀಸನ್ 26 ಗಂಟೆ. ಎರಡನೆಯದು 21. ಮೂರನೆಯದು 14. ಕಳೆದ ಸೀಸನ್ ಬರೀ 9. ಖರ್ಚು ಮಾತ್ರ ಇಳಿಯಲಿಲ್ಲ. ಹಾರದೆ ವಾಪಸ್ ಬಂದರೂ ಜೀಪಿನವರಿಗೆ ಕೊಡಬೇಕು, ಹಾರದಿದ್ದರೂ ರಿಸರ್ವ್ ವರ್ಷಕ್ಕೊಮ್ಮೆ ಮಡಿಸಬೇಕು. ವಿಂಗ್‌ನ ಬೆಲೆ ಬಿಟ್ಟು ಬರೀ ಸೀಸನ್ನಿನ 28,000ವನ್ನೇ ಹಿಡಿದರೂ, ಮೊದಲ ವರ್ಷ ಗಂಟೆಗೆ ಸಾವಿರದಷ್ಟು ಇದ್ದದ್ದು ಕಳೆದ ವರ್ಷ ಮೂರು ಸಾವಿರ ದಾಟಿತು. ಇಲ್ಲಿ ಉಳಿತಾಯ ಮಾಡಿದಷ್ಟೂ ದುಬಾರಿ. ಎಫ್‌ಡಿ ಮಾಡಿಸಿ ಅಂತ ದಿನಾ ಜನರಿಗೆ ಹೇಳುವವಳಿಗೆ ಇದನ್ನು ಜೀರ್ಣಿಸಿಕೊಳ್ಳಲು ಹೊತ್ತು ಹಿಡಿಯಿತು.

ದುಬಾರಿ ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಜನವರಿಯಿಂದ ಮಾರ್ಚ್ ತನಕ ಹಾರಲು ಒಳ್ಳೇ ದಿನಗಳು, ಅದೇ ಹೊತ್ತಿಗೆ ನಮಗೆ ಮಾರ್ಚ್ ಕ್ಲೋಸಿಂಗ್. ಈ ವರ್ಷ ಏಳು ವಾರ ವಿಂಗ್ ಮಂಚದ ಕೆಳಗಿಂದ ಹೊರಬರಲಿಲ್ಲ. ಏಪ್ರಿಲ್ ಮೊದಲ ಭಾನುವಾರ ಗುಡ್ಡಕ್ಕೆ ಹೋದೆ. ಗಾಳಿ ಜಾಸ್ತಿಯೂ ಇರಲಿಲ್ಲ. ವಿಂಗ್ ಮೇಲೆತ್ತಿದೆ, ಅದು ಬಲಕ್ಕೆ ವಾಲಿತು, ಎಡ ಬ್ರೇಕ್ ಹಿಡಿಯಬೇಕಿತ್ತು. ಹಿಡಿದೆ. ಆದರೆ ಅರೆ ಕ್ಷಣ ತಡ. ಮೊದಲ ವರ್ಷದಲ್ಲಿ ಕೈ ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನು ಈಗ ತಲೆ ಯೋಚಿಸಿ ಹೇಳಬೇಕಾಯಿತು. ಆ ಅರೆ ಕ್ಷಣದಲ್ಲಿ ನಾಲ್ಕು ಮೀಟರ್ ಕಲ್ಲಿನ ಮೇಲೆ ಎಳೆದುಕೊಂಡು ಹೋಯಿತು. ಕಣಕಾಲು ಉಳುಕಿತು. ಎಕ್ಸ್‌ರೇ, ಡಾಕ್ಟರು, ಪಟ್ಟಿ, 6,800. ನನ್ನ ಅಪಘಾತ ವಿಮೆಯಲ್ಲಿ ಸಾಹಸ ಕ್ರೀಡೆಗೆ ಬಿಡಿಗಾಸು ಇಲ್ಲ, ಆ ಸಾಲು ಓದಿಯೇ ಸಹಿ ಹಾಕಿದ್ದೆ. ಒಂಬತ್ತು ದಿನ ರಜೆ. ಈ 6,800ನ್ನು ಮೂರೂವರೆ ಲಕ್ಷದಲ್ಲಿ ಸೇರಿಸಿಲ್ಲ. ಸೇರಿಸಬೇಕಿತ್ತು.

ಅತ್ತೆ ಆಗ ಬೈಯಲಿಲ್ಲ. ಅರಿಶಿನ ಹಚ್ಚಿದರು. ಅದೇ ಜಾಸ್ತಿ ಚುಚ್ಚಿತು.

"ದುಡ್ಡಿಗೆ ತಕ್ಕ ಮಜಾ ಇದೆಯಾ?" ಅಂತ ಬ್ರ್ಯಾಂಚಿನಲ್ಲಿ ಹುಡುಗರು ಕೇಳಿದರೆ ನಾನೀಗ ದುಡ್ಡಿನ ಮಾತೇ ಎತ್ತಲ್ಲ. ತಿಂಗಳಿಗೆ ಎಷ್ಟು ಭಾನುವಾರ ನಿನ್ನ ಕೈಯಲ್ಲಿವೆ ಅಂತ ಕೇಳುತ್ತೇನೆ. ಮೂರು ಅಂದರೆ ಕೋರ್ಸಿಗೆ ಸೇರು. ಒಂದೇ ಅಂದರೆ ವರ್ಷಕ್ಕೊಮ್ಮೆ ಟ್ಯಾಂಡೆಮ್ ಹಾರಿ ಫೋಟೋ ಹಾಕು, ಅದರಲ್ಲಿ ನಾಚಿಕೆ ಏನಿಲ್ಲ. ದುಡ್ಡಿದೆ ಅಂತ ಹೊಸ ವಿಂಗ್ ತಗೊಂಡು ವರ್ಷಕ್ಕೆ ನಾಲ್ಕು ಸಲ ಬರುವವರನ್ನು ಗುಡ್ಡದ ಮೇಲೆ ನೋಡಿದ್ದೇನೆ. ಅವರು ಟೇಕಾಫ್‌ಗೆ ನಿಂತರೆ ಎಲ್ಲರ ಮಾತೂ ನಿಲ್ಲುತ್ತದೆ. ಕಳೆದ ವರ್ಷ ನಾನೂ ಅವರ ಸಾಲಿಗೆ ಸೇರಿದ್ದೆ, ಹಳೇ ವಿಂಗ್ ಇಟ್ಟುಕೊಂಡು.

ಮೂರು ಲಕ್ಷದ ತೀರ್ಮಾನ ಇನ್ನೂ ಮಾಡಿಲ್ಲ. ಮಗಳ ಪರೀಕ್ಷೆ, ನನ್ನ ಕ್ಲೋಸಿಂಗ್, ಎರಡೂ ಒಟ್ಟಿಗೇ ಬರುತ್ತವೆ. ಈ ಸೀಸನ್ ಭಾನುವಾರ ಎಷ್ಟು ಉಳಿಯುತ್ತವೆ ಅಂತ ಕ್ಯಾಲೆಂಡರ್‌ನಲ್ಲಿ ಎಣಿಸಿದೆ. ಏಳು. ಏಳಕ್ಕೆ ಮೂರು ಲಕ್ಷದ ವಿಂಗ್ ತಗೊಂಡರೆ ಬ್ಯಾಂಕಿನ ಕೆಲಸ ಬಿಡುವುದೇ ವಾಸಿ. ಸದ್ಯಕ್ಕೆ ವಾರಕ್ಕೆರಡು ದಿನ ಬೆಳಿಗ್ಗೆ ಆರಕ್ಕೆ, ನಿಗಡಿಯ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಹಳೇ ವಿಂಗ್ ಬಿಚ್ಚುತ್ತಿದ್ದೇನೆ. ಗ್ರೌಂಡ್ ಹ್ಯಾಂಡ್ಲಿಂಗ್. ನೆಲದ ಮೇಲೆ ನಿಂತೇ ವಿಂಗ್ ತಲೆಯ ಮೇಲೆ ನಿಲ್ಲಿಸಿಕೊಳ್ಳುವುದು. ಕೈ ಮರೆತದ್ದನ್ನು ಮತ್ತೆ ಕಲಿಯುತ್ತದೆ.

ಮೊನ್ನೆ ಅತ್ತೆ ವಾಕಿಂಗ್‌ಗೆ ಅಂತ ಜೊತೆಗೆ ಬಂದರು. ಕಟ್ಟೆಯ ಮೇಲೆ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತರು. ಕ್ರಿಕೆಟ್ ಹುಡುಗರು ಆಟ ನಿಲ್ಲಿಸಿ ನೋಡುತ್ತಿದ್ದರು. ಗಾಳಿ ಸಣ್ಣಗೆ ಬಂತು. ವಿಂಗ್ ಉಬ್ಬಿ ಎದ್ದಿತು, ಎಡಕ್ಕೆ ವಾಲಿತು, ಅದರ ಕೆಳಗೇ ಓಡಿದೆ, ಬಲ ಬ್ರೇಕ್, ನೆಟ್ಟಗಾಯಿತು. ಮತ್ತೆ ವಾಲಿತು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಮೈದಾನ ತುಂಬ ಕೇಳಿತು, ಹುಬ್ಬಳ್ಳಿಯ ಮಾಳಿಗೆಯ ಮೇಲೆ ಆಷಾಢದ ಗಾಳಿಗೆ ಪಟ ಬಿಡುವಾಗ ಹುಡುಗರು ಕೂಗುವ ಹಾಗೆ:

"ಸಡ್ಲ ಬಿಡಬ್ಯಾಡ! ಜಗ್ಗs ಅದನ್ನ, ಜಗ್ಗು!"